ಸ್ವಂತ ಮಾತಿನಲ್ಲಿ ಸಮಾಂತರ ರೇಖೆ

ಶನಿವಾರ ಬಂತೆಂದರೆ ಪರದೇಶದ ಮಾನ್ಮತ್ ಜಂಕ್ಷನ್ ಎಂಬ ಊರಿನ ಒಂದು ಟೌನ್‌ಹೌಸಿನ ಬೇಸ್‌ಮೆಂಟಿನಲ್ಲಿ ಶೈಲಜಾಳದೇ ದರ್ಬಾರು. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಇಲ್ಲಿ ಅವಳ ಡಿಗ್ರಿಯನ್ನು ಯಾರೂ ಮೂಸಿ ಕೂಡ ನೋಡಿರಲಿಲ್ಲ. ಹಾಗಾಗಿ ಮಗ ಮಿಹಿರನನ್ನೂ ಅವನ ಕ್ಲಾಸಿನ ರಿಯಾಳನ್ನೂ ಕೂರಿಸಿಕೊಂಡು ರೇಖಾಗಣಿತ ಹೇಳಿಕೊಡುವುದರಲ್ಲೇ ಅವಳ ಮಾನ ಮರ್ಯಾದೆಯೆಲ್ಲ ಇತ್ತು. ರಿಯಾಳ ತಾಯಿ ಅರ್ಪಿತಾ ಸಿಕ್ಕವರ ಮುಂದೆಲ್ಲ, "ಶೈಲಜಾ ಇದಾರಲ್ಲ, ನಂಗೇನ್ ಟೆನ್ಶನ್?" ಎನ್ನುತ್ತಿದ್ದಳು. ಅದು ಕಿವಿಗೆ ಬಿದ್ದ ದಿನ ಶೈಲಜಾಳ ಸಾರಿಗೂ ಬೇರೆ ರುಚಿ ಬರುತ್ತಿತ್ತು.

ಅವಳ ಪಾಠದ ಕ್ರಮ ಒಂದೇ. ಬಿಂದು ಎಂದರೇನು, ಕಿರಣ ಎಂದರೇನು, ಲಂಬಕೋನ ಎಂದರೇನು? ಅವಳು ಹೇಳಬೇಕು, ಮಕ್ಕಳು ಒಪ್ಪಿಸಬೇಕು. ಅವಳ ಮೇಷ್ಟ್ರು ಅವಳಿಗೆ ಮಾಡಿಸಿದ್ದೂ ಹಾಗೆಯೇ. ತಾನು ಕನ್ನಡದಲ್ಲಿ ಉರು ಹೊಡೆದದ್ದನ್ನೇ ಇಂಗ್ಲಿಷಿಗೆ ತಿರುಗಿಸಿ, "ಒಂದಕ್ಷರ ಆಕಡೆ ಈಕಡೆ ಆಗ್ಬಾರ್ದು" ಎಂದು ಬೆರಳೆತ್ತಿ ಹೇಳುತ್ತಿದ್ದಳು. ಮಿಹಿರ್ ಅದನ್ನು ವೇದವಾಕ್ಯವೆಂದುಕೊಂಡ. ರಿಯಾ ಬಾಯಿಪಾಠವನ್ನೂ ಮಾಡಿದಳು, ನಡುನಡುವೆ ಕಿಟಕಿಯ ಕಡೆಗೂ ನೋಡಿದಳು.

ಪರೀಕ್ಷೆಯಾಯಿತು. ಇಬ್ಬರ ಉತ್ತರವೂ ಒಂದು ಕಾಮಾ ಕೂಡ ವ್ಯತ್ಯಾಸವಿಲ್ಲದೆ ಒಂದೇ. ಮೈಸೂರಿನಲ್ಲಾಗಿದ್ದರೆ ಬೆನ್ನು ತಟ್ಟುತ್ತಿದ್ದರು. ಇಲ್ಲಿ ಕಾಪಿ ಹೊಡೆದಿದ್ದಾರೆಂದು ಮಕ್ಕಳ ಜೊತೆಗೆ ತಾಯಂದಿರನ್ನೂ ಸ್ಕೂಲಿಗೆ ಕರೆಸಿದರು. ಸಾಬೀತಾದರೆ ಜಾಣ ಮಕ್ಕಳಿಗೆಂದೇ ಇರುವ ಆನರ್ಸ್ ಕ್ಲಾಸಿನಿಂದ ಇಬ್ಬರೂ ಹೊರಗೆ.

"ಕಾಪಿ ಅಲ್ಲ. ನಾನೇ ಬಾಯಿಪಾಠ ಮಾಡಿಸಿದ್ದು" ಎಂದು ಶೈಲಜಾ ಇಂಗ್ಲಿಷಿನಲ್ಲಿ ಹೇಳಿದಳು. ಹೇಳುವಾಗ ಒಳಗೊಳಗೇ ಹೆಮ್ಮೆಯೂ ಇತ್ತು.

ಟೀಚರು ಚಿಕ್ಕ ವಯಸ್ಸಿನವಳು, ನಯವಾದ ಮಾತು. ನಿಮ್ಮನ್ನು ನಂಬುತ್ತೇನೆ, ಆದರೆ ಅರ್ಥವಾಗಿದೆಯೋ ಇಲ್ಲವೋ ತಿಳಿಯಬೇಕಲ್ಲ ಎಂದಳು. ಸಮಾಂತರ ರೇಖೆ ಎಂದರೇನೆಂದು ಇಬ್ಬರೂ ಸ್ವಂತ ಮಾತಿನಲ್ಲಿ ಹೇಳಲಿ, ಹೇಳಿದವರು ಕ್ಲಾಸಿನಲ್ಲೇ ಇರಲಿ.

ರಿಯಾ ಯೋಚಿಸಲೂ ಇಲ್ಲ. ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಎರಡು ಪಕ್ಕಕ್ಕೆ ಬಿಳಿ ಗೆರೆ ಎಳೆದಿರುತ್ತಾರಲ್ಲ, ಅವನ್ನು ಹಾಗೇ ಎಳೆಯುತ್ತ ಹೋದರೂ ಒಂದಕ್ಕೊಂದು ತಾಗುವುದಿಲ್ಲ, ನಡುವಿನ ಜಾಗ ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ ಎಂದಳು. ಟೀಚರು ನಕ್ಕಳು. ಅರ್ಪಿತಾ ಮಗಳ ಕೈ ಹಿಡಿದು, ಶೈಲಜಾಳ ಮುಖ ನೋಡದೆ ಹೊರಟಳು.

ಮಿಹಿರ್ ಎದ್ದು ನಿಂತ, ಬೇಸ್‌ಮೆಂಟಿನಲ್ಲಿ ನಿಲ್ಲುವ ಹಾಗೆ, ಕೈಕಟ್ಟಿ. ಒಂದೇ ಸಮತಲದಲ್ಲಿದ್ದು, ಎರಡೂ ಕಡೆಗೆ ಎಷ್ಟು ವೃದ್ಧಿಸಿದರೂ ಪರಸ್ಪರ ಸಂಧಿಸದ ಸರಳರೇಖೆಗಳು ಎಂದು ಅದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿದ.

"ನಿನ್ನ ಮಾತಿನಲ್ಲಿ ಹೇಳು, ಮಿಹಿರ್" ಎಂದಳು ಟೀಚರು.

ಅವನು ಇನ್ನೂ ನಿಧಾನವಾಗಿ, ಅಕ್ಷರಕ್ಕಕ್ಷರ ಅದನ್ನೇ ಒಪ್ಪಿಸಿದ. ಆಮೇಲೆ ಅಮ್ಮನ ಕಡೆ ನೋಡಿದ.

ಶೈಲಜಾ ಸಹಾಯಕ್ಕೆಂದು ಬಾಯಿ ತೆರೆದಳು. ಸುಲಭ ಮಾಡಿ ಹೇಳೋಣವೆಂದುಕೊಂಡಳು. ನಾಲಿಗೆಯ ಮೇಲೆ ಬಂದದ್ದೂ ಅದೇ ವಾಕ್ಯ, ಅದೇ ರಾಗ. ಅರ್ಧಕ್ಕೆ ನಿಲ್ಲಿಸಿ ಬೇರೆ ಮಾತಿಗಾಗಿ ತಡಕಾಡಿದಳು. ಇಷ್ಟು ವರ್ಷ ಹೇಳಿಕೊಟ್ಟವಳ ಹತ್ತಿರ ಬೇರೆ ಮಾತೇ ಇರಲಿಲ್ಲ. ಟೀಚರು ಕನಿಕರದಿಂದ ಕಾದಳು, ಬೈದಿದ್ದರೆ ವಾಸಿಯಿತ್ತು. ಕೊನೆಗೆ, ರೆಗ್ಯುಲರ್ ಕ್ಲಾಸಿನಲ್ಲಿ ಹುಡುಗನಿಗೆ ಆರಾಮಾಗುತ್ತದೆ ಎಂದಳು.

ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಮಿಹಿರ್, "ಅಮ್ಮಾ, ಐ ಸೆಡ್ ಇಟ್ ಎಕ್ಸಾಕ್ಟ್ಲಿ. ಡಿಡ್ ಐ ಗೆಟ್ ಇಟ್ ರಾಂಗ್?" ಎಂದ.

ನಿನ್ನದೇನೂ ತಪ್ಪಿಲ್ಲ ಮಗಾ, ನಂಗೂ ಅಷ್ಟೇ ಗೊತ್ತಿದ್ದಿದ್ದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ದೀಪ ಇನ್ನೂ ಕೆಂಪಾಗಿಯೇ ಇತ್ತು. ಆದರೆ ಅಷ್ಟು ಹೇಳಿದರೆ ಈ ದೇಶದಲ್ಲಿ ತನಗೆ ಉಳಿದಿದ್ದ ಒಂದೇ ಒಂದು ಹೆಸರೂ ಹೋದಂತೆಯೇ.

"ಇಷ್ಟ್ ಹೇಳ್ಕೊಟ್ರೂ ನಿನ್ ತಲೆಗೇ ಹತ್ಲಿಲ್ಲ ಕಣೋ. ನಾನೇನ್ ಮಾಡ್ಲಿ?" ಎಂದಳು.

ಮಿಹಿರ್ ತಲೆ ತಗ್ಗಿಸಿದ. "ಸಾರಿ ಅಮ್ಮಾ" ಎಂದ.