ಬಚ್ಚಲ ಕಿಟಕಿಯ ಕೈ

ಆಲೆಮನೆಯಲ್ಲಿ ಜಾರಿಬಿದ್ದ ದೇವಿರಮ್ಮನ ಬಲಗೈ ಎಕ್ಸ್‌ರೇಯನ್ನು ಆಲೆಮನೆಯ ಯಜಮಾನ ಪುನೀತ್ ತನ್ನ ಕಾರಿನಲ್ಲಿ ಹಾಕಿಕೊಂಡು ಹೋದ. ಮೂಳೆ ಬಿರಿದಿದೆ ಎಂದು ಅವಳಿಗೆ ಹೇಳಲಿಲ್ಲ.

"ಬರೀ ಉಳುಕು ಕಣಮ್ಮ. ಸೊಪ್ಪು ಕಟ್ಟುಸ್ಕೊ, ಸರೋಯ್ತದೆ," ಎಂದಿದ್ದ.

ಸೊಪ್ಪು ಕಟ್ಟಿಸಿಕೊಂಡದ್ದೂ ಆಯಿತು. ತಿಂಗಳಾಗುತ್ತಾ ಬಂದರೂ ಮುದ್ದೆ ಮುರಿಯಲು ಎಡಗೈಯೇ ಗತಿ. ಎಡಗೈ ಮುರಿದ ಮುದ್ದೆ ಸಾರಿಗಿಂತ ಸೀರೆಗೇ ಹೆಚ್ಚು ಬೀಳುತ್ತಿತ್ತು. ಸೋಮವಾರದಿಂದ ಅಚ್ಚಿಗೆ ಬೆಲ್ಲ ತುಂಬಲು ಬಾ ಎಂದು ಪುನೀತ್ ಹೇಳಿಕಳಿಸಿದಾಗ ಮಗಳು ನಾಗಶ್ರೀಗೆ ರೇಗಿತು. ಅವ್ವನನ್ನು ಹನಕೆರೆಯಲ್ಲಿ ರೈಲು ಹತ್ತಿಸಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದಳು.

ಹೊಸ ಎಕ್ಸ್‌ರೇ ತೆಗೆಸಿದ ಡಾಕ್ಟರಮ್ಮ ಕಂಪ್ಯೂಟರನ್ನು ಇವರ ಕಡೆ ತಿರುಗಿಸಿದರು. "ಈ ಗೆರೆ ನೋಡಿಯಮ್ಮ. ಮೂಳೆ ಒಡೆದು ಪಕ್ಕಕ್ಕೆ ಜಾರಿದೆ."

ದೇವಿರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ತೊಗಲು ತೆಗುದ್ರೆ ನಮ್ ಆಲೆಮನೆ ಗೌಡ್ರ ಕೈಯೂ ಇಂಗೇ ಕಾಣ್ತದಾ ಡಾಕ್ಟ್ರವ್ವ?"

"ಎಲ್ಲಾರದ್ದೂ ಹಿಂಗೇ."

"ಕೇಳ್ಕಂಡೇನಮ್ಮಿ?" ಎಂದು ಮಗಳನ್ನು ತಿವಿದಳು.

ಡಾಕ್ಟರಮ್ಮ ನಕ್ಕರು. "ಬಿದ್ದ ದಿನ ತೆಗೆಸಿದ ಎಕ್ಸ್‌ರೇ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೂಳೆ ಎಷ್ಟು ಜಾರಿದೆ ಅಂತ ಗೊತ್ತಾಗುತ್ತೆ. ಬರೀ ಪಟ್ಟಿ ಸಾಕೋ, ಆಪರೇಷನ್ನೇ ಬೇಕೋ, ಆಗ ಹೇಳ್ತೀನಿ. ತಡಮಾಡಿದ್ರೆ ಕೈ ಹಿಂಗೇ ಕೂಡ್ಕೊಂಡುಬಿಡುತ್ತೆ."

ಮುಸ್ಸಂಜೆಗೆ ಅವ್ವ ಮಗಳು ಪುನೀತನ ಮನೆ ಮುಂದೆ ನಿಂತರು.

"ಆ ಫೋಟೋನಾ? ಎಲ್ಲೋ ಕಳುದೋಯ್ತು," ಎಂದ ಪುನೀತ್ ಜಗಲಿಯಿಂದಲೇ. "ಇತ್ಲಿಗೋಗಿ, ಅವ್ವ ಕಾಫಿ ಕೊಡ್ತದೆ."

ದೇವಿರಮ್ಮನ ಬೀದಿಯವರು ಆ ಜಗಲಿ ಹತ್ತುವಂತಿಲ್ಲ. ಕಾಫಿಯಾದರೂ ಕೂಲಿಯಾದರೂ ಹಿತ್ತಿಲಲ್ಲೇ. ಅದು ಅವನ ಅಜ್ಜನ ಕಾಲದ ರೂಢಿ. ಮನೆಗೆ ಕಾರು ಬಂದಿತ್ತು, ರೂಢಿ ಹೋಗಿರಲಿಲ್ಲ.

ಹಿತ್ತಿಲ ಬಚ್ಚಲುಮನೆಯಲ್ಲಿ ಬಲ್ಬು ಉರಿಯುತ್ತಿತ್ತು. ಅದರ ಕಿಟಕಿಗೆ ಗಾಜಿರಲಿಲ್ಲ. ಗಾಜಿನ ಜಾಗದಲ್ಲಿ, ನಾಲ್ಕು ಮೊಳೆಗಳ ನಡುವೆ, ಒಂದು ಕೈ ಬೆಳ್ಳಗೆ ಹೊಳೆಯುತ್ತಿತ್ತು.

"ಅವ್ವಾ, ನಿಂದೇ ಕಣವ್ವ," ಎಂದಳು ನಾಗಶ್ರೀ. ಮೂಲೆಯಲ್ಲಿ ಹೆಸರೂ ಇತ್ತು.

ದೇವಿರಮ್ಮನಿಗೆ ಹೆಸರು ಬೇಕಿರಲಿಲ್ಲ. ಬೆಳಿಗ್ಗೆ ಕಂಡ ಗೆರೆಯೇ ಅದು. ಆದರೆ ಇಲ್ಲಿ ಮೂಳೆ ಇನ್ನೂ ನೆಟ್ಟಗಿತ್ತು.

ಪುನೀತನ ತಾಯಿ ಚಿಕ್ಕಬೋರಮ್ಮ ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ ತಂದರು. "ಗಾಜು ಒಡುದೋಗಿತ್ತು ಕಣೆ. ಕಾರಲ್ಲಿ ಬಿದ್ದಿತ್ತಲ್ಲ ಅಂತ ಇವತ್ತು ನಾನೇ ಮೊಳೆ ಒಡ್ದು ಕೂರುಸ್ದೆ. ಯಾಕೆ?"

"ನನ್ ಕೈ ನೀರ ನೀವ್ ಕುಡಿಯಾಕಿಲ್ಲ. ನೀವ್ ನೀರುಯ್ಕಳೋವಾಗ ಮರೆಗೆ ಮಾತ್ರ ನನ್ ಕೈಯೇ ಆಗ್ಬೇಕಾಯ್ತು ನೋಡಿ ಅವ್ವಾರೆ."

ನಾಗಶ್ರೀ ಮೊಳೆ ಕೀಳುವ ಸದ್ದಿಗೆ ಪುನೀತ್ ಓಡಿಬಂದ.

"ಏಯ್, ಅದ್ನ ಅಲ್ಲೇ ಬುಡಿ. ಅದು ಆಚೆಗೋದ್ರೆ ನಾಳೆ ಆಲೆಮನೆ ತಾವ ಲೇಬರ್ ಆಪೀಸರುಗಳು ಬತ್ತಾರೆ. ಡಾಕ್ಟ್ರು ಕೇಳುದ್ರೆ ಮನೇಲಿ ಬಿದ್ದೆ ಅಂತ ಯೋಳು ದೇವಿರಮ್ಮ. ಕೆಲ್ಸ ಬೇಕೋ ಬ್ಯಾಡ್ವೋ? ಕೊಡಿಲ್ಲಿ."

ದೇವಿರಮ್ಮ ಮಗಳ ಕೈಯಿಂದ ಫಿಲ್ಮು ತೆಗೆದುಕೊಂಡು ಕಂಕುಳಿಗೆ ಸಿಗಿಸಿಕೊಂಡಳು.

"ಕೊಡಾಕಿಲ್ಲ ಕಣಪ್ಪ," ಎಂದಳು. "ನಾ ಬಿದ್ದಿದ್ದು ನಿನ್ ಆಲೆಮನೇಲಿ."