ಸೀಲು ಒಡೆಯದ ಸೀಸೆ

"ದೊಡ್ಡ ತುಂಡೇ ತಗೋ ಡೆಟ್ಲೆಫ್, ನಾಚ್ಕೋಬೇಡ. ನಾಳೆಯಿಂದ ನನ್ನ ಕಾಟ ಇರಲ್ಲ," ಎಂದು ಗೆಸೀನೆ ಪ್ಲಮ್ ಕೇಕಿನ ಒಂದು ಮೂಲೆಯನ್ನೇ ಅವನ ತಟ್ಟೆಗೆ ನೂಕಿದಳು. ಕೆಲಸ ಬಿಟ್ಟು ಹೋಗುವವರೇ ಕೇಕ್ ಮಾಡಿ ತರಬೇಕು. ಲ್ಯೂಬೆಕ್‌ನ ಆ ಪ್ರಯೋಗಾಲಯದಲ್ಲಿ ಕೆಲಸ ಕಳೆದುಕೊಂಡವರಿಗೂ ಅದೇ ಪದ್ಧತಿ.

ಕೊರೊನಾ ವೈರಾಣು ಜೀವಕೋಶದೊಳಗೆ ಹೊಕ್ಕು ಸಂತಾನ ಬೆಳೆಸದಂತೆ ತಡೆಯುವ ಔಷಧಿಯೊಂದನ್ನು ಅವಳು ತಯಾರಿಸಿದ್ದಳು. ಪರೀಕ್ಷಿಸಿದವನು ಡೆಟ್ಲೆಫ್. ಅದು ಕೆಲಸಕ್ಕೆ ಬಾರದ್ದು ಎಂದು ಅವನು ಹೇಳಿದ ಮೇಲೆ ಮೇಲಿನವರು ಔಷಧಿಯನ್ನು ಕೈಬಿಟ್ಟರು, ಅವಳ ಗುತ್ತಿಗೆಯನ್ನೂ ಮುಂದುವರಿಸಲಿಲ್ಲ.

ಡೆಟ್ಲೆಫ್ ಕೇಕನ್ನು ಮುಟ್ಟಲಿಲ್ಲ. ಅಲ್ಲಿ ಪರೀಕ್ಷೆಗೆ ಬಳಸುವುದು ಕೋತಿಯ ಮೂತ್ರಪಿಂಡದ ಕೋಶಗಳನ್ನು. ಅವಕ್ಕೊಂದು ಕೆಟ್ಟ ಚಾಳಿ: ಒಳಗೆ ಬಂದ ಔಷಧಿಯನ್ನು ಹೊರಗೆ ಉಗುಳಿಬಿಡುತ್ತವೆ. ಅದನ್ನು ತಡೆಯುವ ದ್ರವ ಬೆರೆಸದಿದ್ದರೆ ಅಮೃತವೂ ನೀರೇ. ಹಳೆಯ ದ್ರವ ಮುಗಿದಿತ್ತು. ಗೆಸೀನೆಯ ಪರೀಕ್ಷೆಗೆಂದೇ ಹೊಸ ಸೀಸೆ ತರಿಸಿದ್ದರು. ಇವತ್ತು ಬೆಳಿಗ್ಗೆ ಡೆಟ್ಲೆಫ್ ಫ್ರೀಜರ್ ತೆರೆದರೆ ಅದು ಸೀಲೂ ಒಡೆಯದೆ ಕೂತಿತ್ತು. ಪರೀಕ್ಷೆಯ ದಿನ ಅವನು ಯಂತ್ರ ರಿಪೇರಿಗೆ ಬಂದವನ ಜೊತೆ ಜಗಳವಾಡಿ, ಆ ಸಿಟ್ಟಿನಲ್ಲೇ ಕೆಲಸಕ್ಕೆ ಕೈಹಾಕಿ ದ್ರವ ಬೆರೆಸುವುದನ್ನೇ ಮರೆತಿದ್ದ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಸೀಲು ಒಡೆದು ಒಂದಿಷ್ಟು ಚೆಲ್ಲಿದರೆ ಮುಗಿಯಿತು. ಬೆಳಿಗ್ಗೆ ಅದನ್ನೂ ಯೋಚಿಸಿದ್ದ. ಯೋಚಿಸಿದ ತನ್ನ ಮೇಲೇ ಈಗ ಹೇಸಿಗೆಯಾಗುತ್ತಿತ್ತು.

ಯಾರೋ ಔಷಧಿಯ ಮಾತೆತ್ತಿ ಅಯ್ಯೋ ಪಾಪ ಅಂದರು. "ನನ್ನ ಕೂಸೇ ದಡ್ಡ, ಇವನೇನ್ ಮಾಡ್ತಾನೆ," ಎಂದು ಗೆಸೀನೆ ನಕ್ಕಳು. "ಇದ್ದದ್ದನ್ನ ಇದ್ದ ಹಾಗೆ ಹೇಳೋನು ಇಲ್ಲಿ ಇವನೊಬ್ಬನೇ."

ಡೆಟ್ಲೆಫ್ ತಟ್ಟೆ ಕೆಳಗಿಟ್ಟ. "ನಾನ್ ಹಾಕಿಲ್ಲ."

"ಏನು?"

"ತಡೆಯೋ ದ್ರವ. ನಿನ್ನ ಔಷಧಿ ಪರೀಕ್ಷೆಗೆ. ಸೀಸೆ ಹಾಗೇ ಇದೆ."

ಅವಳ ಮುಖದಲ್ಲಿ ನಗೆಯ ಗುರುತು ಇನ್ನೂ ಉಳಿದಿತ್ತು. "ಇನ್ನೊಂದ್ಸಲ ಮಾಡು ಅಂತ ನಾನು ಕೇಳಿದ್ದೆ."

"ಹೌದು, ಕೇಳಿದ್ದೆ ನೀನು."

"ಏನಂದೆ ನೀನು?"

"ನನಗೆ ಕೆಲ್ಸ ಕಲಿಸ್ಬೇಡ ಅಂದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮತ್ತೆ ಪರೀಕ್ಷೆ ಮಾಡೋಕೆ ಕೋಶಗಳು ಇದಾವಾ ಎಂದಷ್ಟೇ ಕೇಳಿದಳು. ಇವೆ ಎಂದ. ಕೈ ಒರೆಸಿಕೊಂಡು ಹೊರನಡೆದಳು.

ಬಾಗಿಲು ತೆರೆಯುವ ಅವಳ ಕಾರ್ಡನ್ನು ಬೆಳಿಗ್ಗೆಯೇ ವಾಪಸ್ ತೆಗೆದುಕೊಂಡಿದ್ದರು. ಪ್ರಯೋಗಾಲಯದ ಬಾಗಿಲ ಮುಂದೆ ಅವನಿಗೆ ಬೆನ್ನು ಮಾಡಿ ನಿಂತಳು. ಡೆಟ್ಲೆಫ್ ತನ್ನ ಕಾರ್ಡಿಗಾಗಿ ಒಂದೊಂದೇ ಜೇಬು ತಡಕಿದ. ಗಾಜಿನಲ್ಲಿ ಕಂಡ ಅವಳ ಕಣ್ಣು ಬೀಗದ ಕೆಂಪು ದೀಪದ ಮೇಲೇ ನೆಟ್ಟಿತ್ತು.