ಹೇಸರಗತ್ತೆ ಒದೆಯಲಿಲ್ಲ, ಕರಡಿ ಕಚ್ಚಲಿಲ್ಲ

ಗಾರ್ಲಂಡ್ ಸ್ಟ್ಯಾಂಪರನಿಗೆ ಎಡಗಾಲು ಕುಂಟು. ಯಾಕೆ ಕುಂಟು ಅಂತ ಊರಲ್ಲಿ ಕೇಳಿದರೆ ಒಬ್ಬೊಬ್ಬರೂ ಒಂದೊಂದು ಕತೆ ಹೇಳುತ್ತಿದ್ದರು. ಕ್ಷೌರದಂಗಡಿಯ ಎಲ್ಡನ್ ಪ್ರಕಾರ, ಅವನು ಪಕ್ಕದ ಜಿಲ್ಲೆಯಲ್ಲಿ ಯಾವುದೋ ಚರ್ಚಿನ ಸೂರಿಗೆ ತಗಡು ಹೊಡೆಯುವಾಗ ಜಾರಿ ಬಿದ್ದಿದ್ದ. ಜೊತೆಯಲ್ಲಿ ಮೀನು ಹಿಡಿಯಲು ಹೋಗುವ ಬರ್ಲ್ ಪ್ರಕಾರ, ಕರಡಿ ಅಟ್ಟಿಸಿಕೊಂಡು ಬಂದು ತೊಡೆಗೆ ಬಾಯಿ ಹಾಕಿತ್ತು. ಹೆಂಡತಿಯ ತಾಯಿ, ಅತ್ತೆ ಒಪಲ್ ಪ್ರಕಾರ, ಹೇಸರಗತ್ತೆ ಒದ್ದಿತ್ತು.

ಎಲ್ಲ ಕತೆಗಳನ್ನೂ ಕಟ್ಟಿದವನು ಗಾರ್ಲಂಡೇ. ಕೆಂಟಕಿಯ ಗುಡ್ಡಗಳ ನಡುವಿನ ಆ ಊರಲ್ಲಿ ಸೈನ್ಯಕ್ಕೆ ಹೋಗದ ಮನೆ ಕಡಿಮೆ. ಹೋಗಿ ಬಂದವರು ಟೋಪಿ ಹಾಕಿಕೊಂಡು ಎದೆಯುಬ್ಬಿಸಿ ತಿರುಗುತ್ತಿದ್ದರು. ಗಾರ್ಲಂಡನೂ ಹೋಗಿದ್ದ. ಆದರೆ ಅವನನ್ನು ಸೈನ್ಯ ಮನೆಗೆ ಕಳಿಸಿದ್ದು 'ನಡತೆ ಸರಿಯಿಲ್ಲ, ಗೌರವಕ್ಕೆ ಯೋಗ್ಯನಲ್ಲ' ಅನ್ನುವಂಥ ಷರಾ ಬರೆದು. ಅದು ಗೊತ್ತಿದ್ದದ್ದು ಹೆಂಡತಿ ಶೆಲ್ಬಿ ಒಬ್ಬಳಿಗೇ. ಬೇರೆ ಯಾರಾದರೂ ಕೇಳಿದರೆ, 'ಸೈನ್ಯವಾ? ನನಗೆ ಸರಿಹೋಗಲಿಲ್ಲ, ಬಿಟ್ಟು ಬಂದೆ' ಅಂದು ಮಾತು ತೇಲಿಸಿ, ಕಾಲಿನ ವಿಷಯ ಬಂದರೆ ಕೈಗೆ ಸಿಕ್ಕ ಪ್ರಾಣಿಯ ಮೇಲೆ ಹಾಕಿಬಿಡುತ್ತಿದ್ದ.

ಹೀಗೇ ನಡೆದು ಹೋಗುತ್ತಿತ್ತೇನೋ. ಒಂದು ಬುಧವಾರ ಚರ್ಚಿನಲ್ಲಿ ಊರವರದೆಲ್ಲ ಊಟ. ಕುರ್ಚಿ ಸಾಲದೆ ಗಾರ್ಲಂಡ್ ಮಕ್ಕಳ ತರಗತಿಯ ಪುಟ್ಟ ಕುರ್ಚಿಯಲ್ಲಿ ಕೂತ. ಹುರುಳಿಕಾಯಿ ಪಲ್ಯ, ಹಂದಿ ಮಾಂಸ, ಜೋಳದ ಬ್ರೆಡ್ಡು ಎಲ್ಲ ಆಯಿತು. ಎದ್ದೇಳಲು ಹೋದರೆ ಸೊಂಟ ಏಳಲೊಲ್ಲದು. ಬರ್ಲ್ ಒಂದು ಕೈ ಹಿಡಿದ, ಎಲ್ಡನ್ ಇನ್ನೊಂದು ಕೈ ಹಿಡಿದ, ಪಾದ್ರಿಗಳು ಹಿಂದಿನಿಂದ ನೂಕಿದರು. ಗಾರ್ಲಂಡ್ ಎದ್ದ, ಕುರ್ಚಿಯೂ ಅವನ ಜೊತೆಗೇ ಎದ್ದಿತು. ಮಕ್ಕಳು ಚಪ್ಪಾಳೆ ತಟ್ಟಿದವು.

ಎಲ್ಲರೂ ನಕ್ಕರು. ನಗದೇ ನೋಡುತ್ತಿದ್ದವರು ರೋವೀನಾ ಒಬ್ಬರೇ. ಅವರು ಸೈನ್ಯದಲ್ಲಿ ಸಾರ್ಜೆಂಟ್ ಆಗಿ ನಿವೃತ್ತರಾಗಿ, ಈಗ ಜಿಲ್ಲಾ ಕಚೇರಿಯಲ್ಲಿ ಮಾಜಿ ಸೈನಿಕರ ಅರ್ಜಿ ಅಹವಾಲು ನೋಡಿಕೊಳ್ಳುತ್ತಿದ್ದರು. ಮರುದಿನ ಸಂಜೆ ನೇರ ಗಾರ್ಲಂಡನ ಮನೆಯ ಜಗಲಿಗೇ ಬಂದರು.

"ಹೇಸರಗತ್ತೆ ಒದ್ದರೆ ಹಾಗಾಗಲ್ಲಪ್ಪ. ಬೆನ್ನ ಮೇಲೆ ಭಾರ ಹೊತ್ತು ಲಾರಿಯಿಂದ ಹಾರಿದವರ ಸೊಂಟ ಅದು. ನನ್ನ ಕೈಕೆಳಗಿನ ಹುಡುಗರಲ್ಲೂ ನೋಡಿದೀನಿ. ಏನಾಯ್ತು ಹೇಳು."

ಗಾರ್ಲಂಡ್ ಕರಡಿಯ ಕತೆ ಶುರು ಮಾಡಿದ. ರೋವೀನಾ ಕಣ್ಣು ಮಿಟುಕಿಸದೆ ನೋಡಿದರು. ಕರಡಿ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು.

"ತರಬೇತಿಯಲ್ಲಿ ಲಾರಿಯಿಂದ ಹಾರಿದೆ, ಮಿಸ್ ರೋವೀನಾ," ಅಂದ ಕೊನೆಗೆ. "ಸೊಂಟದಲ್ಲಿ ಏನೋ ಲಟಕ್ ಅಂತು. ಆಸ್ಪತ್ರೇಲಿ ಮಾತ್ರೆ ಕೊಟ್ಟು, ಹೋಗಿ ಓಡು ಅಂದ್ರು. ಓಡಕ್ಕಾಗಲಿಲ್ಲ. ಸೋಮಾರಿ ಅಂದ್ರು. ನೋವಿಗೆ ನಿದ್ದೆ ಬರ್ತಿರಲಿಲ್ಲ, ಕುಡಿಯಕ್ಕೆ ಶುರು ಮಾಡಿದೆ. ಬೆಳಿಗ್ಗೆ ಹಾಜರಾತಿ ತಪ್ಪಿಸ್ದೆ. ಒಂದಿನ ರಜಾ ಕೇಳದೇನೇ ಬಸ್ ಹತ್ತಿ ಮನೆಗೆ ಬಂದ್ಬಿಟ್ಟೆ. ತಿರುಗಿ ಹೋದಾಗ ಕೆಟ್ಟ ಷರಾ ಬರೆದು ಹೊರಗೆ ಹಾಕಿದ್ರು."

ಜಾಲರಿ ಬಾಗಿಲ ಹಿಂದೆ ಏನೋ ಠಣಾರನೆ ಬಿತ್ತು. ಅತ್ತೆ ಒಪಲ್ ಸೌಟು ಬೀಳಿಸಿ ಹೊರಗೆ ಬಂದರು.

"ಹಾಗಾದ್ರೆ ಹೇಸರಗತ್ತೆ?"

"ಇರಲಿಲ್ಲ ಅತ್ತೆ."

"ಅಯ್ಯೋ ಪಾಪಿ! ಆ ಬಡಪ್ರಾಣಿಗೆ ಇಷ್ಟು ವರ್ಷ ಬಾಯಿಗೆ ಬಂದ ಹಾಗೆ ಬೈದಿದೀನಲ್ಲೋ!"

ರೋವೀನಾ ನಗು ತಡೆದುಕೊಂಡು ಗಾರ್ಲಂಡನ ಕಡೆ ತಿರುಗಿದರು. "ಈ ಷರಾ ಬದಲಾಯಿಸಿ ಅಂತ ಕೇಳಬಹುದು, ಗೊತ್ತಾ? ಅದಕ್ಕೇ ಅಂತ ಸೈನ್ಯದಲ್ಲಿ ಒಂದು ಮಂಡಳಿ ಇದೆ. ಬಿಡುಗಡೆಯಾಗಿ ಹದಿನೈದು ವರ್ಷ ಆಗೋದ್ರೊಳಗೆ ಅಲ್ಲಿಗೆ ಅರ್ಜಿ ಹಾಕಬೇಕು. ನಿನಗಿನ್ನೂ ಸಮಯ ಇದೆ. ಷರಾ ಬದಲಾದ್ರೆ ಮಾಜಿ ಸೈನಿಕರ ಆಸ್ಪತ್ರೆ ಬಾಗಿಲು ತೆಗೆಯುತ್ತೆ, ಸೊಂಟ ಸರಿ ಮಾಡಿಸ್ಕೋಬಹುದು."

"ಸೈನ್ಯ ಒಂದ್ಸಲ ಗುದ್ದಿದ ಮುದ್ರೆ ಅದು. ಅವರೇ ಅಳಿಸ್ತಾರಾ?"

"ನನ್ನ ಡ್ರೈವಿಂಗ್ ಲೈಸೆನ್ಸಲ್ಲಿ ಹೆಸರು ತಪ್ಪಾಗಿದೆ," ಅತ್ತೆ ನಡುವೆ ಬಾಯಿ ಹಾಕಿದರು. "ಅದನ್ನೇ ತಿದ್ದಲ್ಲ ಈ ಸರ್ಕಾರ. ಇವನ ನಡತೆ ತಿದ್ದುತ್ತಾ?"

"ನೀವು ಹೆಸರು ತಿದ್ದಿ ಅಂತ ಅರ್ಜಿ ಹಾಕಿದ್ರಾ, ಮಿಸ್ ಒಪಲ್?"

ಅತ್ತೆ ಬಿದ್ದ ಸೌಟು ಎತ್ತಿಕೊಳ್ಳಲು ತಿರುಗಿದರು. "ಹಾಕಿಲ್ಲ," ಅಂದರು.

"ಕೇಳಿದವರಿಗೆಲ್ಲ ಸಿಗುತ್ತೆ ಅಂತ ನಾನು ಹೇಳಲ್ಲ," ರೋವೀನಾ ಹೇಳಿದರು. "ಆದ್ರೆ ಕೇಳದವರಿಗೆ ಯಾರೂ ಮನೆಗೆ ತಂದು ಕೊಡಲ್ಲ. ನಾನು ಮಾಡಿಕೊಡೋ ಕೆಲಸಕ್ಕೆ ಒಂದು ಕಾಸೂ ಬೇಡ. ನಿನ್ನ ಆಸ್ಪತ್ರೆ ದಾಖಲೆ ನಾವು ತರಿಸ್ಕೊಳ್ಳೋಣ. ನೀನು ಬಿದ್ದದ್ದನ್ನ ಕಂಡವರೊಬ್ಬರು ಬೇಕು. ಆಮೇಲೆ ನೀನು ಊರಲ್ಲಿ ಹೇಗಿದೀಯ, ಆ ಕಾಲು ಇಟ್ಕೊಂಡು ಹೇಗೆ ದುಡೀತೀಯ ಅಂತ ನಾಲ್ಕು ಜನ ಬರೆದುಕೊಡಲಿ."

ಆ ಕೆಲಸ ಶೆಲ್ಬಿ ವಹಿಸಿಕೊಂಡಳು. ಊರವರು ಒಳ್ಳೆಯವರು. ಗಾರ್ಲಂಡನಿಗೇನೋ ಸರ್ಕಾರದಿಂದ ಸಹಾಯ ಸಿಗುತ್ತಂತೆ ಅಂದದ್ದೇ ತಡ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಪೆನ್ನು ಹಿಡಿದರು. ವಾರದೊಳಗೆ ಪತ್ರಗಳು ರೋವೀನಾರ ಮೇಜಿನ ಮೇಲಿದ್ದವು. ಅವರು ಗಾರ್ಲಂಡನನ್ನು ಎದುರಿಗೆ ಕೂರಿಸಿಕೊಂಡು ಓದಿದರು.

"'ದೇವರ ಮನೆಯ ಸೂರಿನಿಂದ ಬಿದ್ದೂ ದೇವರನ್ನು ಬೈಯದವನು ಗಾರ್ಲಂಡ್.' ಇದು ಎಲ್ಡನ್. 'ಬರಿಗೈಯಲ್ಲಿ ಕರಡಿಯ ಬಾಯಿಂದ ತೊಡೆ ಬಿಡಿಸಿಕೊಂಡ ಧೀರ.' ಇದು ಬರ್ಲ್. ನೀನು ಕೆಲಸ ಮಾಡೋ ಮರದ ಮಿಲ್ಲಿನ ಸಾಹುಕಾರರು ಟ್ರ್ಯಾಕ್ಟರ್ ಮಗುಚಿತು ಅಂತ ಬರೆದಿದಾರೆ. ಪಾದ್ರಿಗಳ ಹೆಂಡತಿ ಹುಟ್ಟಿನಿಂದಲೇ ಕುಂಟು ಅಂದಿದಾರೆ." ರೋವೀನಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದಿತ್ತು. "ಇದನ್ನ ಕಳಿಸಿದ್ರೆ ಮಂಡಳಿಯವರು ಸೈನ್ಯದ ಬದಲು ಸರ್ಕಸ್ಸಿಗೆ ಶಿಫಾರಸು ಮಾಡ್ತಾರೆ."

"ಈಗೇನು ಮಾಡೋದು?"

"ನಿಜ ಹೇಳೋದು. ಎಲ್ಲರಿಗೂ."

ಗಾರ್ಲಂಡನಿಗೆ ಕರಡಿಯೇ ನಿಜವಾಗಿ ಬಂದಿದ್ದರೂ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಮುಂದಿನ ಬುಧವಾರ ಊಟ ಮುಗಿಯುವ ಹೊತ್ತಿಗೆ ಎದ್ದು ನಿಂತ. ಲಾರಿ, ಸೊಂಟ, ಕುಡಿತ, ಬಸ್ಸು, ಹೊರಹಾಕಿದ್ದು, ಯಾವುದನ್ನೂ ಬಿಡದೆ ಹೇಳಿದ. "ನಾಚಿಕೆ ಆಗ್ತಿತ್ತು. ಅದಕ್ಕೇ ಸುಳ್ಳು ಹೇಳ್ದೆ," ಅಂದ.

ಎಲ್ಡನ್ ತಟ್ಟೆ ಪಕ್ಕಕ್ಕೆ ಸರಿಸಿದ. "ನಾವೂ ನಿನ್ನ ಕತೆ ಒಂದಕ್ಕೊಂದು ತಾಳೆ ಹಾಕಿ ನೋಡಿದ್ವಿ ಕಣಯ್ಯಾ, ಹೊಂದಲಿಲ್ಲ. ನೀನೆಲ್ಲೋ ಬ್ಯಾಂಕ್ ದೋಚಿ ಓಡುವಾಗ ಕಾಲು ಮುರ್ಕೊಂಡಿದೀಯ ಅಂದ್ಕೊಂಡಿದ್ವಿ. ಪಾಪ, ಮರ್ಯಾದೆಯಿಂದ ಬದುಕ್ತಾ ಇದಾನೆ, ಯಾಕೆ ಕೆದಕೋದು ಅಂತ ಬಿಟ್ಬಿಟ್ವಿ."

"ನಾನು ಹಾಗಂದ್ಕೊಂಡಿರಲಿಲ್ಲ," ಬರ್ಲ್ ಮುಖ ಸಣ್ಣದು ಮಾಡಿಕೊಂಡ. "ನಾನು ಕರಡೀನ ನಂಬಿದ್ದೆ. ಮೊಮ್ಮಕ್ಕಳಿಗೆಲ್ಲ ಹೇಳಿದೀನಿ. ಕರಡಿಗೆ ಹೆಸರೂ ಇಟ್ಟಿದೀನಿ."

ಆ ರಾತ್ರಿಯೇ ಹೊಸ ಪತ್ರಗಳನ್ನು ಬರೆದಾಯಿತು. ಈ ಸಲ ಅವುಗಳಲ್ಲಿ ಪ್ರಾಣಿಗಳಿರಲಿಲ್ಲ. ಕುಂಟುತ್ತಲೇ ಮರದ ದಿಮ್ಮಿ ಎತ್ತುವವನು, ಮದುವೆಯಾದ ಮೇಲೆ ಕುಡಿತ ಮುಟ್ಟದವನು, ಹಿಮ ಬಿದ್ದಾಗ ಮುದುಕಿಯರ ಅಂಗಳ ಗುಡಿಸಿಕೊಡುವವನು ಇದ್ದ.

ಉಳಿದದ್ದು, ಬಿದ್ದದ್ದನ್ನು ಕಂಡ ಸಾಕ್ಷಿ. ಅಂದು ಲಾರಿಯಲ್ಲಿ ಗಾರ್ಲಂಡನ ಹಿಂದೆಯೇ ಇದ್ದವನು ತವಾರೆಸ್ ಅನ್ನುವ ಗೆಳೆಯ. ಹೊರಹಾಕಿದ ಮೇಲೆ ಗಾರ್ಲಂಡ್ ಅವನ ಜೊತೆ ಮಾತೇ ಆಡಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಆಡುವುದು? ಶೆಲ್ಬಿ ಹುಡುಕಿ ಹುಡುಕಿ ಅವನು ಟೆಕ್ಸಸ್ಸಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದಾನೆಂದು ಪತ್ತೆ ಮಾಡಿದಳು. ನಂಬರು ಒತ್ತಿ ಫೋನನ್ನು ಗಂಡನ ಕಿವಿಗೇ ಹಿಡಿದಳು.

"ತವಾರೆಸ್, ನಾನು ಸ್ಟ್ಯಾಂಪರ್. ಲಾರಿಯಿಂದ ಬಿದ್ದವನು. ನೆನಪಿದೆಯೇನೋ?"

ಆ ಕಡೆಯವನು ಕೂಗಿಯೇಬಿಟ್ಟ.

"ನೆನಪಿದೆಯಾ ಅಂತಾನೆ! ಲೋ, ನಾನು ನಿನ್ನ ಮೇಲೇ ಬಿದ್ದೆನಲ್ಲೋ! ನೀನು ಜಾಗ ಬಿಡೋ ಮೊದಲೇ ನನ್ನ ನೂಕಿಬಿಟ್ರು. ಮೂಟೆ ಸಮೇತ ನಿನ್ನ ಸೊಂಟದ ಮೇಲೆ ಕೂತೆ. ನಿನ್ನ ಜೀವನ ಹಾಳು ಮಾಡ್ದೆ ಅಂತ, ನನ್ನ ಮೇಲಿನ ಸಿಟ್ಟಿಗೇ ನೀನು ಮಾತು ಬಿಟ್ಟೆ ಅಂತ, ಇಷ್ಟು ವರ್ಷ ಒದ್ದಾಡಿದೀನಿ ಕಣೋ!"

"ನನ್ನ ಮೇಲೆ ಬಿದ್ದದ್ದು ನೀನಾ? ನಾನು ಮೂಟೆ ಅಂದ್ಕೊಂಡಿದ್ದೆ!"

"ಆಗ ಸ್ವಲ್ಪ ದಪ್ಪ ಇದ್ದೆ," ಅಂದ ತವಾರೆಸ್.

ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ ಗಾರ್ಲಂಡ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಶೆಲ್ಬಿ ಒಳಗೆ ಹೋಗಿ ಅಡುಗೆಮನೆಯಲ್ಲಿ ಏನೋ ಕೆಲಸವಿದ್ದಂತೆ ನಿಂತಳು. ತವಾರೆಸ್ ಕಂಡದ್ದನ್ನು ಕಂಡ ಹಾಗೆ ಬರೆದು, ರುಜು ಹಾಕಿ ಕಳಿಸಿದ.

ಅರ್ಜಿ ಹೋಯಿತು. ಕಾದರು. ಕಾದು ಬೇಜಾರಾದ ಮೇಲೂ ಕಾದರು. ಆಮೇಲೆ ವಿಚಾರಣೆಯ ದಿನ ಬಂತು. ರೋವೀನಾರ ಕಚೇರಿಯ ಕಂಪ್ಯೂಟರಿನ ಪರದೆಯ ಮೇಲೆ ಸಮವಸ್ತ್ರದ ಅಧಿಕಾರಿಗಳು ಸಾಲಾಗಿ ಕಾಣಿಸಿದರು.

"ರಜೆ ಇಲ್ಲದೆ ಹೋದದ್ದು ತಪ್ಪಲ್ಲವೇ?" ಅಂತ ಒಬ್ಬರು ಕೇಳಿದರು.

"ತಪ್ಪೇ, ಸರ್. ಆದರೆ ಸೋಮಾರಿತನಕ್ಕೆ ಹೋಗಲಿಲ್ಲ. ನೋವಿಗೆ ಹೋದೆ. ನೋವಿದೆ ಅಂದರೆ ಅಲ್ಲಿ ಯಾರೂ ನಂಬುತ್ತಿರಲಿಲ್ಲ."

ಹಿಂದೆ ಕೂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. ಕ್ಯಾಮೆರಾಗೆ ಮೂಗು ತಾಗುವಷ್ಟು ಬಗ್ಗಿ ಕೂಗಿದರು. "ಸ್ವಾಮೀ, ನಾನು ಇವನತ್ತೆ! ಇವನನ್ನ ಹೊಗಳೋ ಅಭ್ಯಾಸ ನನಗಿಲ್ಲ. ಊಟಕ್ಕೆ ಬೂಟು ಹಾಕ್ಕೊಂಡೇ ಬರ್ತಾನೆ. ಹಾಡಿದರೆ ನಾಯಿ ಊಳಿಡುತ್ತೆ. ಆದ್ರೆ ಕೆಲಸಗಳ್ಳ ಅಂದ್ರೆ ನಾನು ಒಪ್ಪಲ್ಲ. ಆ ಸೊಂಟ ಇಟ್ಕೊಂಡು ನನ್ನ ಮನೆ ಪೂರ್ತಿ ಕಟ್ಟಿಕೊಟ್ಟವನು ಇವನು!"

ಪರದೆಯ ಮೇಲಿದ್ದ ಹಿರಿಯ ಅಧಿಕಾರಿ ತುಟಿ ಬಿಗಿಹಿಡಿದು, "ದಾಖಲಿಸಿಕೊಂಡಿದ್ದೇವೆ, ಅಮ್ಮಾ," ಅಂದರು.

ಬೇಸಿಗೆಯಲ್ಲಿ ಉತ್ತರ ಬಂತು. ಹಳೆಯ ಷರಾ ಹೋಗಿ, 'ಸಾಮಾನ್ಯ ಬಿಡುಗಡೆ, ಗೌರವದೊಂದಿಗೆ' ಅಂತ ಆಗಿತ್ತು. ಪೂರ್ಣ ಗೌರವದ ಬಿಡುಗಡೆಗಿಂತ ಒಂದು ಮೆಟ್ಟಿಲು ಕೆಳಗೆ. ಆದರೆ ಆಸ್ಪತ್ರೆಗೆ ಅದು ಸಾಕು ಅಂತ ರೋವೀನಾ ಹೇಳಿದರು. ಉಳಿದ ಮೆಟ್ಟಿಲು ಹತ್ತಬೇಕೆಂದರೆ ಇನ್ನೊಂದು ಮಂಡಳಿಗೂ ಹೋಗಬಹುದು ಅಂದರು.

"ಸಾಮಾನ್ಯ ಅಂತ ಬರೆದಿದಾರಾ?" ಅತ್ತೆ ಕಾಗದ ಕಿತ್ತುಕೊಂಡು ನೋಡಿದರು. "ಮದುವೆ ದಿನವೇ ನಾನು ಹೇಳಿದ್ದೆ, ಹುಡುಗ ಸಾಮಾನ್ಯ ಅಂತ. ಸರ್ಕಾರಕ್ಕೆ ಗೊತ್ತಾಗೋಕೆ ಇಷ್ಟು ದಿನ ಬೇಕಾಯ್ತು." ಹಾಗಂದವರೇ ಅಡುಗೆಮನೆಗೆ ಹೋಗಿ ಅಳಿಯನಿಗೆಂದು ಸೇಬಿನ ಕಡುಬು ಮಾಡಿದರು. ಮರುವಾರ ತಮ್ಮ ಡ್ರೈವಿಂಗ್ ಲೈಸೆನ್ಸಿನ ಹೆಸರು ತಿದ್ದಿಸಲೂ ಹೋದರು. ಚಳಿಗಾಲಕ್ಕೆ ಮುಂಚೆ ಗಾರ್ಲಂಡನ ಸೊಂಟಕ್ಕೆ ಆಪರೇಷನ್ ಆಯಿತು. ತವಾರೆಸ್ ಟೆಕ್ಸಸ್ಸಿನಿಂದ ಬಂದು ಹಾಸಿಗೆಯ ಪಕ್ಕ ಕೂತ. "ಹಾಸಿಗೆ ಮೇಲೆ ಮಾತ್ರ ಕೂರಬೇಡ ಮಾರಾಯ," ಅಂತ ಗಾರ್ಲಂಡ್ ಕೈಮುಗಿದ.

ಈಗ ನಿಮ್ಮ ವಿಷಯ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಚರ್ಚಿನ ಹಿಂದಿನ ಬೆಂಚಿನಲ್ಲಿ ಸೈನ್ಯದ ಮಾತು ಬಂದರೆ ಎದ್ದುಹೋಗುವವರು ಯಾರಾದರೂ ಇದ್ದಾರೆಯೇ? ತರಬೇತಿಯಲ್ಲಿ ಪೆಟ್ಟಾಗಿ, ಆ ಪೆಟ್ಟಿನಿಂದಲೇ ಎಡವಿ, ಕೆಟ್ಟ ಷರಾ ಹೊತ್ತು ಬಂದವರಿರಬಹುದು. ಆ ಷರಾ ಕಲ್ಲಿನ ಮೇಲೆ ಕೆತ್ತಿದ್ದಲ್ಲ ಅಂತ ಅವರಿಗೆ ಹೇಳಿ. ಹದಿನೈದು ವರ್ಷ ದಾಟಿದ್ದರೂ ಕೈಕಟ್ಟಿ ಕೂರಬೇಡಿ, ದಾಟಿದವರಿಗೂ ಬೇರೆ ಮಂಡಳಿ ಇದೆ. ಒಂದು ಸಲ ಇಲ್ಲ ಅಂದರೆ, ಯಾಕೆ ಇಲ್ಲ ಅಂತ ಕೇಳಿ ತಿಳಿದುಕೊಂಡು ಮುಂದಿನ ದಾರಿ ನೋಡಿ. ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇನೆ ಅನ್ನುವವರಿಂದ ದೂರ ಇರಿ, ಜಿಲ್ಲಾ ಕಚೇರಿಯಲ್ಲಿ ಪುಕ್ಕಟೆಯಾಗಿ ನೆರವಾಗುವವರು ಇದ್ದಾರೆ. ಹಳೆಯ ಜೊತೆಗಾರನಿಗೆ ಇವತ್ತೇ ಫೋನ್ ಮಾಡಿ. ಅವನೂ ನಿಮ್ಮ ಫೋನಿಗೆ ಕಾಯುತ್ತಿರಬಹುದು.